ಸೌತೆಕಾಯಿ ಬಚ್ಚಿಟ್ಟ ನೀರು

ಮೊಸರುಬಜ್ಜಿಗೆಂದು ತುರಿದಿಟ್ಟ ಸೌತೆಕಾಯಿಯ ಮೇಲೆ ಉಪ್ಪು ಬಂದು ಕೂತಿತು. "ಮೊಸರಿನ ಜೊತೆ ಸೇರುವ ಮೊದಲು ಮೈಯಲ್ಲಿರುವ ನೀರನ್ನೆಲ್ಲ ಬಿಟ್ಟುಬಿಡಪ್ಪ. ಇಲ್ಲಿ ಬಿಟ್ಟರೆ ಯಾರಿಗೂ ತೊಂದರೆಯಿಲ್ಲ," ಎಂದಿತು. ಸೌತೆಕಾಯಿ ಹಿಂಜರಿಯಿತು. ನೀರು ಹೋದರೆ ತನ್ನದು ಅಂತ ಇನ್ನೇನು ಉಳಿಯುತ್ತದೆ? ಒಂದು ಗುಟುಕಿನಷ್ಟು ಬಿಟ್ಟು, "ಇದ್ದದ್ದೇ ಇಷ್ಟು," ಎಂದು ಸುಳ್ಳು ಹೇಳಿತು. ಉಪ್ಪು ನಂಬಿತು.

ಅತ್ತ ಮೊಸರು ಬೆಳಗಿನಿಂದ ಬಟ್ಟೆಯ ಗಂಟಿನಲ್ಲಿ ಗೂಟಕ್ಕೆ ನೇತಾಡುತ್ತಿತ್ತು. ಹನಿಹನಿಯಾಗಿ ನೀರೆಲ್ಲ ಬಸಿದು, ಬೆಣ್ಣೆಯಂತೆ ಗಟ್ಟಿಯಾಗಿ ಬಟ್ಟಲಿಗೆ ಇಳಿಯಿತು. "ಬಾ, ನಿನಗಾಗಿಯೇ ಕಾದಿದ್ದೆ," ಎಂದು ಸೌತೆಕಾಯಿಯನ್ನು ಅಪ್ಪಿಕೊಂಡಿತು.

ಊಟಕ್ಕೆ ಎಲೆ ಹಾಕುವ ಹೊತ್ತಿಗೆ ಬಟ್ಟಲಲ್ಲಿ ನೀರು ನಿಂತಿತ್ತು. ಮೈಗಂಟಿದ ಉಪ್ಪು, ಸೌತೆಕಾಯಿ ಬಚ್ಚಿಟ್ಟದ್ದನ್ನೆಲ್ಲ ಹೊರಗೆಳೆದಿತ್ತು. ಗಟ್ಟಿ ಮೊಸರು ಮಜ್ಜಿಗೆಗಿಂತ ತೆಳ್ಳಗಾಗಿತ್ತು.

"ತಪ್ಪಾಯಿತು ಅಣ್ಣಾ. ನನ್ನದೂ ಒಂದಿಷ್ಟು ಇರಲಿ ಅಂದುಕೊಂಡೆ," ಎಂದಿತು ಸೌತೆಕಾಯಿ.

ಮೊಸರು ಬೈಯಲಿಲ್ಲ. "ನನ್ನಲ್ಲೂ ನೀರಿತ್ತು ತಮ್ಮಾ. ನೀನು ಬರುತ್ತೀಯೆಂದು ಅದನ್ನೆಲ್ಲ ಬಿಟ್ಟು ಬಂದೆ. ಈಗ ನಿನ್ನ ನೀರಿನಲ್ಲಿ ಮುಳುಗುತ್ತಿದ್ದೇನೆ," ಎಂದಿತು.