ನಾಳೆಯ ಹೆಪ್ಪು

ಪೂಜ್ಯ ಪರ್ವತಮ್ಮ ತಾಯಿಯವರು ಸಿದ್ಧನಗಟ್ಟಿಯ ಹಳೆಯ ಮಠದ ಹಿಂಬದಿಗೆ ಒಂದು ಮಣ್ಣಿನ ಕೋಣೆಯಲ್ಲಿ ವಾಸವಾಗಿದ್ದರು. ಅವರ ಆಸ್ತಿಯೆಂದರೆ ಒಂದು ಎಮ್ಮೆ, ನಾಲ್ಕು ಗಡಿಗೆ, ಒಂದು ಕಡಗೋಲು. ಹಾದಿಹೋಕರನ್ನು ಕರೆದು ಮಜ್ಜಿಗೆ ಕೊಡುವುದೇ ಅವರ ಪೂಜೆ, ಅದೇ ಪ್ರವಚನ. ದೊಡ್ಡ ಉಪದೇಶ ಸಿಗುತ್ತದೆಂದು ದೂರದಿಂದ ಬಂದವರು ಹೊಟ್ಟೆ ತುಂಬ ಮಜ್ಜಿಗೆ ಕುಡಿದು ಮರಳಿದ್ದೇ ಹೆಚ್ಚು.

ಎಂಟು ಗ್ರಹಗಳು ಮಕರ ರಾಶಿಯಲ್ಲಿ ಕೂಡುತ್ತವೆ, ಅಂದೇ ಪ್ರಳಯ ಎಂದು ನಾಡೆಲ್ಲ ನಡುಗಿದ ವರ್ಷ ಅದು. ಆ ನಡುಕವನ್ನು ಸಿದ್ಧನಗಟ್ಟಿಗೆ ತಂದವರು ಶಾಲೆಯ ಈರಸಂಗಪ್ಪ ಮಾಸ್ತರರು. ಊರಿಗೆ ಬರುತ್ತಿದ್ದುದು ಒಂದೇ ಪತ್ರಿಕೆ. ಸಂಜೆ ಕಟ್ಟೆಯ ಮೇಲೆ ಕುಳಿತು ಅದನ್ನು ಗಟ್ಟಿಯಾಗಿ ಓದುವವರು ಅವರೇ, ಓದುತ್ತ ಉಪ್ಪು ಖಾರ ಹಚ್ಚುವವರೂ ಅವರೇ. ಊರಿಗೆ ಊರೇ ಬಾಯಿ ತೆರೆದು ಕೇಳುವಾಗ ಯಾರಿಗೆ ಬೇಡ ಹೇಳಿ! ಅಮಾವಾಸ್ಯೆ ಹತ್ತಿರವಾದಂತೆ ಜನ ಹೊಲಕ್ಕೆ ಹೋಗುವುದನ್ನು ಬಿಟ್ಟರು. ಬೆಲ್ಲ, ತುಪ್ಪ, ಉಪ್ಪಿನಕಾಯಿ, ಎಲ್ಲವನ್ನೂ ತಿಂದು ಮುಗಿಸಿದರು. ಕಡೆಯ ದಿನ ಹಾಲು ಮೊಸರನ್ನೂ ಒಂದು ಹನಿ ಬಿಡದೆ ಕುಡಿದರು. ಉಳಿಸಿ ಯಾರಿಗೆ?

ಆದರೆ ಈ ಬೆಂಕಿ ಮೊದಲು ಸುಟ್ಟದ್ದು ಹಚ್ಚಿದವರ ಮನೆಯನ್ನೇ. ಮಾಸ್ತರರ ಹೆಂಡತಿ ಗಿರಿಜವ್ವ ತುಂಬು ಬಸುರಿ. ಮದುವೆಯಾಗಿ ಒಂಬತ್ತು ವರ್ಷಕ್ಕೆ ನಿಂತ ಬಸಿರು. ಮೂರು ದಿನದಿಂದ ಆಕೆ ಒಂದು ತುತ್ತು ಮುಟ್ಟಿರಲಿಲ್ಲ. "ಹುಟ್ಟೂದಕ್ಕ ಮೊದಲ ಸಾಯೂ ಕೂಸಿಗೆ ನಾ ಯಾಕ ಉಣ್ಣಲ್ರಿ?" ಎಂದು ಗೋಡೆಗೆ ಮುಖ ಮಾಡಿ ಮಲಗಿದ್ದಳು. ಹೀಗೇ ಆದರೆ ತಾಯಿ ಮಗು ಇಬ್ಬರೂ ದಕ್ಕುವುದಿಲ್ಲವೆಂದು ಸೂಲಗಿತ್ತಿ ಹೇಳಿ ಹೋಗಿದ್ದಳು. ಮಾಸ್ತರರು ಕಂಗಾಲಾದರು. ತಾವೇ ಓದಿ ಹೇಳಿದ್ದನ್ನು ಈಗ ಸುಳ್ಳೆಂದು ಹೇಳುವುದು ಯಾವ ಬಾಯಿಂದ? ಅವರ ಎದೆಯಲ್ಲೂ ಅದೇ ಭಯ ಕುಳಿತಿತ್ತು.

ಅಮಾವಾಸ್ಯೆಯ ದಿನ ಹೊತ್ತು ಇಳಿಯುವಾಗ ಅವರು ಬಂದು ತಾಯಿಯವರ ಕಾಲಿಗೆ ಬಿದ್ದರು.

"ತಾಯಿ, ನಾಳೆ ಅನ್ನೂದ ಇಲ್ಲ. ಕಡೀ ಹೊತ್ತಿಗೆ ಒಂದು ಮಂತ್ರ ಕೊಡ್ರಿ. ಹೆಂಡತಿ ಕಿವ್ಯಾಗ ಹೇಳತೀನಿ."

ತಾಯಿಯವರು ಒಲೆಯಿಂದ ಇಳಿಸಿದ ಹಾಲನ್ನು ಆರಿಸುತ್ತ ಕುಳಿತಿದ್ದರು. ಅದನ್ನು ಒಂದು ಗಡಿಗೆಗೆ ಸುರಿದು, ತಮ್ಮಲ್ಲಿ ಉಳಿದಿದ್ದ ಮೊಸರಿನ ಬಟ್ಟಲನ್ನು ಮಾಸ್ತರರ ಕೈಗಿತ್ತರು.

"ಹಾಲು ಉಗುರುಬೆಚ್ಚಗಾಗೇತಿ, ತಮ್ಮಾ. ಹೆಪ್ಪು ಹಾಕು."

ಮಾಸ್ತರರಿಗೆ ಅಳುವಿನ ನಡುವೆಯೂ ಸಿಟ್ಟು ಬಂತು. "ನಾಳೆ ಮೊಸರು ಯಾರಿಗ್ರಿ ತಾಯಿ?"

"ಹಸದವರಿಗೆ."

ಮಾಸ್ತರರು ಬಟ್ಟಲಿನ ಮೊಸರನ್ನೆಲ್ಲ ಹಾಲಿಗೆ ಸುರಿದು ಹೆಪ್ಪು ಹಾಕಿದರು. ತಾಯಿಯವರು ಗಡಿಗೆಯ ಬಾಯಿ ಮುಚ್ಚಿ ಅವರ ಎರಡೂ ಕೈಗೆ ಕೊಟ್ಟರು. "ಅಲುಗಾಡಿಸಿದರ ಮೊಸರು ಆಗೂದಿಲ್ಲ. ಗಳಿಗಿಗೊಮ್ಮೆ ಮುಚ್ಚಳ ತಗದು ನೋಡಬ್ಯಾಡ. ಮನಿಗೆ ಹೋಗು."

ದಾರಿಯಲ್ಲಿ ಕಟ್ಟೆಯ ಮೇಲೆ ಕುಳಿತವರು ಕೂಗಿದರು: "ಮಾಸ್ತರ, ಇನ್ನ ಎಷ್ಟು ತಾಸು ಉಳದಾವ್ರಿ?" ಮಾಸ್ತರರು ಕತ್ತು ಹೊರಳಿಸಲಿಲ್ಲ. "ದಾರಿ ಬಿಡ್ರೋ, ಹೆಪ್ಪು ಹಾಕೀನಿ!" ಎಂದು ಒಂದೊಂದೇ ಹೆಜ್ಜೆ ಇಡುತ್ತ ಮುಂದೆ ಹೋದರು. ತಿಂಗಳೊಪ್ಪತ್ತಿನಲ್ಲಿ ಗ್ರಹಗಳ ನೆನಪಿಲ್ಲದೆ ಅವರು ನಡೆದದ್ದು ಅದೇ ಮೊದಲು.

ಮನೆಯಲ್ಲಿ ಒಲೆಯ ಪಕ್ಕಕ್ಕೆ ಗಡಿಗೆ ಇಟ್ಟು ಹಳೆಯ ಧೋತರ ಸುತ್ತುವಾಗ ಗಿರಿಜವ್ವ ತಲೆಯೆತ್ತಿದಳು.

"ಏನ್ರೀ ಅದು?"

"ಹೆಪ್ಪು ಹಾಕೀನಿ."

"ನಾಳೆ ಯಾರಿಗೆ?"

ಮಾಸ್ತರರು ಬಾಯಿ ತೆರೆದರು. ಬಂದದ್ದು ಒಂದೇ ಮಾತು. "ಹಸದವರಿಗೆ."

ಗಿರಿಜವ್ವ ಗೋಡೆಯಿಂದ ಗಡಿಗೆಯ ಕಡೆಗೆ ಹೊರಳಿದಳು. ನಾಳೆಯೇ ಇಲ್ಲವೆಂದು ಊರಿಗೆಲ್ಲ ಸಾರಿದ ಗಂಡ ಈಗ ತನ್ನ ಕೈಯಾರೆ ನಾಳೆಯ ಮೊಸರಿಗೆ ಹೆಪ್ಪು ಹಾಕಿಟ್ಟಿದ್ದಾನೆ! ಹೊಟ್ಟೆಯೊಳಗೆ ಕೂಸು ಒಮ್ಮೆ ಜೋರಾಗಿ ಒದೆಯಿತು. ಆಕೆ ಎದ್ದು ಕುಳಿತಳು.

"ನನಗ ಹಸದೈತ್ರಿ. ಮೊಸರು ಆಗೂ ತನಕ ತಡಿಯಾಕ ಆಗೂದಿಲ್ಲ. ರೊಟ್ಟಿ ಇದ್ದರ ಕೊಡ್ರಿ."

ಮಾಸ್ತರರು ಗಳಗಳನೆ ಅಳುತ್ತಲೇ ರೊಟ್ಟಿ ಬಡಿಸಿದರು. ಮುಚ್ಚಳ ಮಾತ್ರ ತೆಗೆದು ನೋಡಲಿಲ್ಲ.

ಮರುದಿನ ಸೂರ್ಯ ಎಂದಿನಂತೆ ಮೂಡಿದ. ಜನ ಒಬ್ಬರ ಮುಖ ಒಬ್ಬರು ನೋಡಲು ನಾಚುತ್ತ ಹೊರಗೆ ಬಂದರು. ಎಮ್ಮೆಗಳು ಹಾಲು ಕೊಟ್ಟವು, ಹಾಲು ಕಾಯಿತು. ಆಗ ತಿಳಿಯಿತು, ಯಾರ ಮನೆಯಲ್ಲೂ ಹೆಪ್ಪಿಗೆ ಒಂದು ಚಮಚ ಮೊಸರಿಲ್ಲ! ಹೆಂಗಸರು ಬಟ್ಟಲು ಹಿಡಿದು ಮನೆ ಮನೆ ಅಲೆದು, ಕೊನೆಗೆ ತಾಯಿಯವರ ಬಾಗಿಲಿಗೆ ಬಂದರು. ತಾಯಿಯವರು ತಮ್ಮ ಬರಿದಾದ ಬಟ್ಟಲನ್ನು ತೋರಿಸಿ ನಕ್ಕರು.

"ಮಾಸ್ತರನ ಮನ್ಯಾಗ ಐತಿ, ಹೋಗ್ರಿ."

ಗಡಿಗೆ ಓರೆ ಮಾಡಿದರೂ ಅಲುಗದಷ್ಟು ಗಟ್ಟಿ ಮೊಸರು. ಮೊದಲ ಬಟ್ಟಲು ಗಿರಿಜವ್ವನಿಗೆ. ಆಮೇಲೆ ಮಾಸ್ತರರು ಹೊಸ್ತಿಲಲ್ಲಿ ನಿಂತು ಬಂದವರಿಗೆಲ್ಲ ಚಮಚದಿಂದ ಹಂಚಿದರು. ಮನೆ ಮನೆಗೆ ಭಯ ಮುಟ್ಟಿಸಿದ ಆ ಕೈ ಈಗ ಮನೆ ಮನೆಗೆ ಹೆಪ್ಪು ಮುಟ್ಟಿಸಿತು. ಒಬ್ಬ ಮುದುಕಿ ಕಾಡಿಸಿದಳು: "ಮಾಸ್ತರ, ಇವತ್ತಿನ ಪೇಪರಿನ್ಯಾಗ ಏನು ಬರದಾರ್ರಿ?"

"ಮೊದಲ ಬಟ್ಟಲ ಹಿಡಿ ಆಯಿ!" ಎಂದು ಮಾಸ್ತರರು ನಕ್ಕರು. ಓಣಿಗೆ ಓಣಿಯೇ ನಕ್ಕಿತು.

ಎಂಟನೆಯ ದಿನ ಗಿರಿಜವ್ವ ಹೆಣ್ಣು ಹೆತ್ತಳು. ಆ ಮಗುವಿಗೆ ಪರ್ವತವ್ವ ಎಂದೇ ಹೆಸರಿಟ್ಟರು. ಮಾಸ್ತರರು ಬದುಕಿರುವಷ್ಟು ದಿನ ಪ್ರತಿ ಸಂಜೆ ತಾವೇ ಹೆಪ್ಪು ಹಾಕಿದರು. ಕೆಟ್ಟ ಸುದ್ದಿ ಹೊತ್ತು ಯಾರಾದರೂ ಓಡಿಬಂದರೆ ಅವರನ್ನು ಕೂಡಿಸಿ, ಕುಡಿಯಲು ಮಜ್ಜಿಗೆ ಕೊಟ್ಟು, ತಾಯಿಯವರಿಂದ ಪಡೆದ ಮಂತ್ರವನ್ನೇ ಪ್ರಶ್ನೆಯಾಗಿ ಕೇಳುತ್ತಿದ್ದರು.

"ಅದೆಲ್ಲಾ ಇರಲಿ. ಮನ್ಯಾಗ ಹೆಪ್ಪು ಹಾಕೀರೇನು?"