ಮದ್ದರೆ ಗುಡ್ಡಕ್ಕೆ ಆ ಹೆಸರು ಬಂದದ್ದು

ಹುಲ್ಲೇಕಲ್ಲು ಊರಿನ ಪಡುವಣಕ್ಕೆ, ಹೊಲಗಳು ಮುಗಿದು ಕಲ್ಲುನೆಲ ಶುರುವಾಗುವ ಕಡೆ, ಮದ್ದರೆ ಎಂಬ ಗುಡ್ಡವಿದೆ. ದೊಡ್ಡದೇನಲ್ಲ; ಒಂದಕ್ಕೊಂದು ಒರಗಿ ಮಲಗಿದ ಆನೆಗಳಂಥ ಕರಿಬಂಡೆಗಳ ರಾಶಿ. ನೆತ್ತಿಯಲ್ಲಿ ಸೂರಿಲ್ಲದ ಕಲ್ಲುಗೋಡೆಯೊಂದು ನಿಂತಿದೆ. ಪಾಳೆಯಗಾರರು ಅಲ್ಲಿ ಕೋವಿಯ ಮದ್ದು ಕೂಡಿಡುತ್ತಿದ್ದರು, ಹೆಸರು ಅದರಿಂದಲೇ ಬಂತು ಎಂದು ರಸ್ತೆಬದಿಯ ಹಲಗೆಯಲ್ಲಿ ಬರೆದಿದೆ. ನೋಡಲು ಬಂದವರು ಅದನ್ನೇ ಓದಿಕೊಂಡು ಹೋಗುತ್ತಾರೆ. ಊರಿನ ಹಿರಿಯರು ಮಾತ್ರ ಒಪ್ಪುವುದಿಲ್ಲ. ಆ ಗುಡ್ಡದ ಮೇಲೆ ಎಂದೂ ಕೋವಿಮದ್ದು ಇರಲಿಲ್ಲ, ಇದ್ದವಳು ಮದ್ದು ಅರೆಯುವ ಒಬ್ಬ ಹೆಂಗಸು ಎನ್ನುತ್ತಾರೆ. ಮದ್ದು ಎಂಬ ಮಾತು ಒಂದೇ. ಬೆನ್ನಿಗೆ ಯಾವ ಮಾತು ಬರುತ್ತದೋ ಅದರ ಗುಣ ಅದಕ್ಕೆ. ಮದ್ದು ಕೊಟ್ಟಳು ಎಂದರೆ ಔಷಧ, ಮದ್ದು ಹಾಕಿದಳು ಎಂದರೆ ವಿಷ.

ಹಿಂದೆ ಒಮ್ಮೆ, ಊರಿಗೆ ಇನ್ನೂ ಮಣ್ಣಿನ ಕೋಟೆಯಿದ್ದ ಕಾಲದಲ್ಲಿ, ಪಾಲಕ್ಕ ಎಂಬ ವಿಧವೆ ಇಲ್ಲಿದ್ದಳು. ಕುರಿ ಕಾಯುತ್ತಿದ್ದ ಗಂಡ ಸತ್ತ ಮೇಲೆ ಒಬ್ಬಳೇ ಮಗಳು ಗಾದ್ರಿಯನ್ನು ಸಾಕಿ, ಅದೇ ಊರಿನಲ್ಲಿ ಮದುವೆ ಮಾಡಿ ಕೊಟ್ಟಿದ್ದಳು. ಗಿಡಮೂಲಿಕೆಯ ವಿದ್ಯೆ ಅವಳಿಗೆ ತಾಯಿಯಿಂದ ಬಂದದ್ದು, ಅದೂ ಹೆಸರುಗಳ ಮೂಲಕ ಬಂದದ್ದು. ಕಡಿದು ತೂಗುಹಾಕಿದರೂ ಸಾಯದೆ ಚಿಗುರುವುದರಿಂದ ಅದು ಅಮೃತಬಳ್ಳಿ. ಒಂದು ದಂಟಿಗೆ ಒಂದೇ ಎಲೆ ಬಿಡುವುದು ಒಂದೆಲಗ. ಬೇವಿನ ಕಹಿಯೆಲ್ಲ ಮೊಣಕಾಲೆತ್ತರದ ಗಿಡಕ್ಕೆ ಇಳಿದದ್ದು ನೆಲಬೇವು. ಹೀಗೆಯೇ ಅವಳು ಗಾದ್ರಿಗೂ ಕಲಿಸಿದಳು. ಮನುಷ್ಯರ ಹೆಸರು ಏನಾದರೂ ಇರಲಿ, ಗಿಡದ ಹೆಸರು ಸುಳ್ಳು ಹೇಳುವುದಿಲ್ಲ ಎಂದು ಅವಳು ನಂಬಿದ್ದಳು.

ಒಂದು ವರ್ಷ ಮಳೆಗಾಲ ಮುಗಿಯುತ್ತಲೇ ಊರಿಗೆ ಚಳಿಜ್ವರ ಬಿತ್ತು. ಪಾಲಕ್ಕ ಮನೆಮನೆಗೆ ಹೋಗಿ ನೆಲಬೇವಿನ ಕಷಾಯ ಕುಡಿಸಿದಳು. ಬಹಳ ಜನ ಎದ್ದು ಕೂತರು, ಕೆಲವರು ಹೋದರು. ಕಡೆಗೆ ಸಿದ್ದಲಿಂಗಗೌಡನ ಮನೆಯಿಂದ ಕರೆ ಬಂತು. ಬಸುರಿ ಸೊಸೆ ಆಗಲೇ ಕಣ್ಣು ತೇಲಿಸುತ್ತಿದ್ದಳು. ಕೈಹಿಡಿದು ನೋಡಿದ ಪಾಲಕ್ಕ, ಹೊತ್ತು ಮೀರಿದೆ, ಈಗ ಮದ್ದು ಹಿಡಿಯುವುದಿಲ್ಲ ಎಂದು ಹಿಂದೆ ಸರಿದಳು. ಗೌಡತಿ ಹಂಪವ್ವ ಸೆರಗೊಡ್ಡಿ ಬೇಡಿಕೊಂಡಳು. ಆ ಕಣ್ಣೀರು ನೋಡಲಾರದೆ ಪಾಲಕ್ಕ ಎರಡು ಗುಟುಕು ಕುಡಿಸಿದಳು. ಬೆಳಗಾಗುವುದರೊಳಗೆ ಸೊಸೆ ತೀರಿಕೊಂಡಳು. ಕೊನೆಗೆ ಬಾಯಿಗೆ ಏನು ಬಿತ್ತು ಎಂದು ಹೆಣದ ಮನೆಯಲ್ಲಿ ಯಾರೋ ಕೇಳಿದಾಗ ಹಂಪವ್ವ, ಪಾಲಕ್ಕ ಮದ್ದು ಕೊಟ್ಟಿದ್ದಳು ಎಂದಳು. ಅವಳ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲವಂತೆ. ಆ ಮಾತು ಅಂಗಳ ದಾಟಿ, ಓಣಿ ದಾಟಿ, ಬಾವಿಕಟ್ಟೆಗೆ ಬರುವ ಹೊತ್ತಿಗೆ ಪಾಲಕ್ಕ ಮದ್ದು ಹಾಕಿದಳು ಎಂದಾಗಿತ್ತು.

ಚಾವಡಿಯಲ್ಲಿ ಪಂಚರು ಕೂಡಿದರು. ಸಿದ್ದಲಿಂಗಗೌಡ ಕೇಳಿದ್ದು ಒಂದೇ ಮಾತು.

“ಮದ್ದು ಕೊಟ್ಟದ್ದು ಹೌದೋ ಅಲ್ಲೋ?”

“ಕೊಟ್ಟದ್ದು ಹೌದು ಗೌಡ್ರೆ,” ಎಂದಳು ಪಾಲಕ್ಕ.

ನೆರೆದವರಿಗೆ ಅಷ್ಟೇ ಸಾಕಾಯಿತು. ಗಡಿಗೆಯಲ್ಲಿ ಉಳಿದಿದ್ದ ಕಷಾಯವನ್ನು ಅವಳು ಎಲ್ಲರೆದುರು ಕುಡಿದು ತೋರಿಸಿದಳು. ಅವಳಿಗೆ ಏನೂ ಆಗಲಿಲ್ಲ; ವಿಷ ಕಾಸುವವಳಿಗೆ ಅದನ್ನು ಮುರಿಯುವ ಮದ್ದೂ ಗೊತ್ತಿರುವುದಿಲ್ಲವೇ ಎಂದರು. ಅವಳ ಕೈಯಿಂದ ಬದುಕಿ ಎದ್ದವರೂ ಅಲ್ಲಿದ್ದರು. ಅವರು ತಲೆ ತಗ್ಗಿಸಿ ಕೂತರು. ಹಂಪವ್ವ ಬಾಗಿಲ ಮರೆಯಲ್ಲಿದ್ದಳು, ಅವಳೂ ಬಾಯಿ ಬಿಡಲಿಲ್ಲ. ಪಾಲಕ್ಕನನ್ನು ಊರಾಚೆಗೆ ಹಾಕಿದರು. ಅವಳು ಗುಡ್ಡ ಹತ್ತಿ, ಕಲ್ಲು ಪೇರಿಸಿ ಗೋಡೆ ಕಟ್ಟಿ, ಮೇಲೆ ಹುಲ್ಲು ಹೊದಿಸಿಕೊಂಡಳು.

ಮರುವರ್ಷ ಜ್ವರ ಮತ್ತೆ ಬಂತು. ಗಾದ್ರಿ ಹಾಸಿಗೆ ಹಿಡಿದಳೆಂದು ಹೊಲದಲ್ಲಿ ಆಡಿದ ಮಾತು ಗುಡ್ಡದ ಮೇಲಕ್ಕೆ ಕೇಳಿಸಿತು. ಪಾಲಕ್ಕ ಕಷಾಯದ ಗಡಿಗೆ ಹಿಡಿದು ಹಾಡಹಗಲೇ ಇಳಿದು ಬಂದಳು. ಬೈದದ್ದಕ್ಕೆ ನಿಲ್ಲಲಿಲ್ಲ, ಕಲ್ಲು ಬಿದ್ದದ್ದಕ್ಕೂ ನಿಲ್ಲಲಿಲ್ಲ. ಅಳಿಯ ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದ. ತಡೆದವಳು ಗಾದ್ರಿಯೇ. ನಡುಮನೆಯಲ್ಲಿ ಕಂಬಳಿ ಹೊದ್ದು ಮಲಗಿದ್ದ ಅವಳ ಮಗ್ಗುಲಲ್ಲಿ ಹೆಣ್ಣುಕೂಸಿತ್ತು. ತಾಯಿ ಬಟ್ಟಲಿಗೆ ಬಗ್ಗಿಸಿಕೊಂಡು ಬಾಯಿಗೆ ಹಿಡಿದಾಗ ಅವಳು ಮುಖ ತಿರುಗಿಸಿದಳು.

“ಅದು ನೆಲಬೇವು ಅಂತ ನನಗೆ ಗೊತ್ತೈತಿ ಯವ್ವಾ,” ಎಂದಳು. “ಕುಡಿದು ಬದುಕಿದ್ರೆ ನಾನೂ ಮದ್ದಿನಾಕಿ. ಕುಡಿದು ಸತ್ರೆ ನೀನೇ ಕೊಂದೆ ಅಂತಾರೆ. ಹೆಂಗಾದ್ರೂ ಈ ಕೂಸನ್ನ ಯಾರೂ ಮುಟ್ಟೋದಿಲ್ಲ. ಹೋಗವ್ವಾ, ಕೂಸು ಊರೊಳಗೆ ಬಾಳ್ಲಿ.”

ಮಗಳು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಪಾಲಕ್ಕ ಅವಳ ಕಾಲು ಮುಟ್ಟಿ ನೋಡಿದಳು, ಕೆಂಡದಂತೆ ಸುಡುತ್ತಿತ್ತು. ಕೂಸಿನ ಕಡೆ ಕೈ ಚಾಚಿ, ಮುಟ್ಟದೆ, ಹಿಂದಕ್ಕೆಳೆದುಕೊಂಡಳು. ಗುಡ್ಡಕ್ಕೆ ಮರಳಿದಳು. ಗಾದ್ರಿ ಆ ವಾರ ದಾಟಲಿಲ್ಲ. ಮಣ್ಣಿಗೆ ಬಾ ಎಂದು ತಾಯಿಗೆ ಯಾರೂ ಹೇಳಿಕಳಿಸಲಿಲ್ಲ.

ಆ ಮೇಲೆ ಬಹಳ ಕಾಲ, ಪಡುವಣದ ಹೊಲದಲ್ಲಿ ಕಳೆ ಕೀಳುವವರಿಗೆ ಮೇಲಿನಿಂದ ಕಲ್ಲಿನ ಮೇಲೆ ಕಲ್ಲು ಉಜ್ಜುವ ಸದ್ದು ಕೇಳಿಸುತ್ತಿತ್ತು. ಕುಡಿಯುವವರು ಯಾರೂ ಇರಲಿಲ್ಲ, ಆದರೂ ಅವಳು ಅರೆಯುತ್ತಿದ್ದಳು. ಅಗೋ ಮದ್ದು ಅರೀತಾಳೆ ಎಂದು ಜನ ಬೇಗಬೇಗ ಬುತ್ತಿಗಂಟು ಮುಚ್ಚಿಕೊಳ್ಳುತ್ತಿದ್ದರು. ಮದ್ದರೆಯುವವಳ ಗುಡ್ಡ ಎಂಬುದು ಬಾಯಿಂದ ಬಾಯಿಗೆ ಸವೆದು ಮದ್ದರೆಯಾಯಿತು. ಅರೆ ಎಂದರೆ ಬಂಡೆಯೂ ಹೌದಾದ್ದರಿಂದ ಆ ಹೆಸರು ಗುಡ್ಡಕ್ಕೆ ಸುಲಭವಾಗಿ ಕೂತುಕೊಂಡಿತು, ಅವಳು ಅದರೊಳಗಿಂದ ಜಾರಿಹೋದಳು. ಒಂದು ದಿನ ಸದ್ದು ಕೇಳಲಿಲ್ಲ. ಮರುದಿನವೂ ಇಲ್ಲ. ಯಾರೂ ಹತ್ತಿ ನೋಡಲಿಲ್ಲವೆನ್ನುತ್ತಾರೆ.

ಈಗಲೂ ಗುಡ್ಡದ ಬುಡದ ಕಾಲುದಾರಿಯಲ್ಲಿ ನಿಂತರೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಕಂಕುಳಲ್ಲಿ ಕೂಸಿರುವ ಹೆಂಗಸರು ಅಲ್ಲಿಗೆ ಬಂದೊಡನೆ ಸೆರಗು ಎಳೆದು ಕೂಸಿನ ಬಾಯಿ ಮುಚ್ಚುತ್ತಾರೆ, ಬಂಡೆಗಳು ಹಿಂದಾಗುವವರೆಗೆ ತೆಗೆಯುವುದಿಲ್ಲ. ಏಕೆಂದು ಕೇಳಿದರೆ, ಗಾಳಿ ಒಳ್ಳೆಯದಲ್ಲ ಎನ್ನುತ್ತಾರೆ. ಹಾಗೆ ಮೊದಲು ಸೆರಗು ಎಳೆದವಳು, ಬೆಳೆದು ತಾಯಾಗಿದ್ದ ಗಾದ್ರಿಯ ಮಗಳಂತೆ.