ಹೊಂಗೆ ಮರದ ಕೆಳಗಿಟ್ಟ ಕಲ್ಲು

ಹೊಳೆದಂಡೆಯ ಆಶ್ರಮದಲ್ಲಿ ಒಬ್ಬ ಅಜ್ಜ ಇದ್ದರು. ಊರಿನ ಪುರಸಭೆಗೆ ಹೊಸದಾಗಿ ಅಧ್ಯಕ್ಷೆಯಾದ ಕಾತ್ಯಾಯಿನಿ ಚಿಕ್ಕಂದಿನಲ್ಲಿ ಅವರ ಬಳಿ ಓದಿದವಳು.

ಬೇಸಿಗೆಯ ಒಂದು ಬೆಳಿಗ್ಗೆ ಅವಳು ಬಂದು ಅಜ್ಜನ ಎದುರು ಕೂತಳು.

“ಅಜ್ಜಾ, ಹಳೇ ಬಸ್‌ಸ್ಟ್ಯಾಂಡಿನ ಹೊಂಗೆ ಮರಗಳ ವಿಷಯ ನಾಳೆ ಸಭೆಗೆ ಬರುತ್ತೆ. ಕಡಿದು ಕಾಂಪ್ಲೆಕ್ಸ್ ಕಟ್ಟಬೇಕು ಅಂತ ಹಿರಿಯ ಸದಸ್ಯ ರುದ್ರಮುನಿಯವರು ಹಟ ಹಿಡಿದಿದ್ದಾರೆ. ಸದಸ್ಯರಲ್ಲಿ ಮುಕ್ಕಾಲು ಪಾಲು ಅವರ ಕಡೆ.”

“ನೀನು?”

“ಉಳಿಸ್ತೀನಿ ಅಂತ ಊರಿಗೆ ಮಾತು ಕೊಟ್ಟಿದ್ದೀನಿ. ಪೇಟೆಯಲ್ಲಿ ಉಳಿದಿರೋ ನೆರಳು ಅದೊಂದೇ.”

“ಹೇಗೆ ಉಳಿಸ್ತೀಯ?”

ಅವಳು ದನಿ ತಗ್ಗಿಸಿದಳು. “ಮರದ ಬುಡಕ್ಕೆ ನೀವೊಂದು ಕಲ್ಲಿಟ್ಟು ಕುಂಕುಮ ಹಚ್ಚಿಬಿಡಿ. ಆಮೇಲೆ ಕೊಡಲಿ ಎತ್ತೋ ಧೈರ್ಯ ಯಾರಿಗಿದೆ?”

ಅಜ್ಜ ನಕ್ಕರು. “ಭೇಷ್. ಆ ನೆರಳಲ್ಲಿ ಯಾರ್ಯಾರು ಕೂರ್ತಾರೆ?”

“ಯಾರು ಅಂದ್ರೆ... ಜನ.”

“ಯಾವ ಜನ?”

ಕಾತ್ಯಾಯಿನಿ ಯೋಚಿಸಿದಳು. ದಿನಾ ಅವಳ ಜೀಪು ಅದೇ ದಾರಿಯಲ್ಲಿ ಹೋಗುತ್ತಿತ್ತು. ಮರಗಳು ಕಣ್ಣ ಮುಂದೆ ಬಂದವು. ಒಂದು ಮುಖವೂ ಬರಲಿಲ್ಲ.

ಅಜ್ಜ ಹೊಳೆಗಿಳಿದು ಒಂದು ದುಂಡನೆಯ ಕಪ್ಪು ಕಲ್ಲನ್ನು ಆರಿಸಿ ತಂದರು. ಅವಳ ಕೈಗಿಟ್ಟು, “ನಡಿ” ಎಂದರು.

ಹೊಂಗೆಯ ಬುಡದಲ್ಲಿ ಕಲ್ಲು ಕೂತಿತು. ಅಜ್ಜ ಕುಂಕುಮ ಹಚ್ಚಿ ಒಂದು ಹೂವಿಟ್ಟರು. ಆಮೇಲೆ ರಸ್ತೆ ದಾಟಿ ಚಹಾದಂಗಡಿಯ ಬೆಂಚಿನ ಮೇಲೆ ಕೂತರು.

“ಇನ್ನೇನು ಮಾಡಬೇಕು ಅಜ್ಜಾ?”

“ಚಹಾ ಕುಡಿ. ನೋಡು.”

ಮರಕ್ಕೆ ಒರಗಿ ಕಾಲು ಚಾಚಿ ಮಲಗಿದ್ದ ಹಮಾಲಿಯೊಬ್ಬನಿಗೆ ಎಚ್ಚರವಾಯಿತು. ಕಲ್ಲು ಕಂಡು ಗಾಬರಿಯಿಂದ ಕಾಲು ಮಡಚಿದ. ಕೈ ಮುಗಿದು ಹೊರಟುಹೋದ.

ಬಳೆ ಮಾರುವ ಹಸೀನಾಬಿ ಸ್ವಲ್ಪ ಹೊತ್ತು ಕಲ್ಲನ್ನೇ ನೋಡಿದಳು. ಯಾರೂ ಏನೂ ಅನ್ನಲಿಲ್ಲ. ಅವಳೇ ಬುಟ್ಟಿ ಎತ್ತಿಕೊಂಡು ಬಿಸಿಲಿಗೆ ಸರಿದಳು.

ಚಪ್ಪಲಿ ಹೊಲಿಯುವ ಮಾರೆಪ್ಪ ತನ್ನ ಗೋಣಿಚೀಲ ಸುತ್ತತೊಡಗಿದ.

ಕಾತ್ಯಾಯಿನಿ ರಸ್ತೆ ದಾಟಿ ಓಡಿದಳು. “ಯಾಕೆ, ಎಲ್ಲಿಗೆ ಹೊರಟ್ರಿ?”

“ದೇವರ ಮುಂದೆ ಚಪ್ಪಲಿ ಹೊಲಿಯೋಕಾಗುತ್ತಾ ತಾಯಿ?” ಮಾರೆಪ್ಪನ ದನಿಯಲ್ಲಿ ಸಿಟ್ಟಿರಲಿಲ್ಲ. “ಇಷ್ಟು ವರ್ಷ ಸುಮ್ನಿದ್ದ. ಈಗ ಅವನಿಗೂ ನೆರಳು ಬೇಕಾಯ್ತು ಅಂತ ಕಾಣುತ್ತೆ.”

ಮಧ್ಯಾಹ್ನವಾಯಿತು. ಹೊಂಗೆ ಹೂವು ನೆಲದ ತುಂಬ ಬಿದ್ದಿತ್ತು. ನೆರಳು ಗುಂಡಗೆ, ತಣ್ಣಗೆ ಇತ್ತು. ಅದರಲ್ಲಿ ಯಾರೂ ಇರಲಿಲ್ಲ.

ಅಜ್ಜ ಮೆಲ್ಲಗೆ ಬಂದು ಅವಳ ಪಕ್ಕ ನಿಂತರು. “ಮರ ಉಳೀತಲ್ಲ?”

ಅವಳು ಕಲ್ಲಿನ ಕಡೆ ನೋಡಿ ಕೇಳಿದಳು: “ಕಲ್ಲು ತೆಗೀಬಹುದಾ ಅಜ್ಜಾ? ಪಾಪ ಬರುತ್ತಾ?”

“ಹೊಳೇಲಿದ್ದದ್ದು. ಹೊಳೆಗೇ ಹೋಗುತ್ತೆ.”

ಅಜ್ಜ ಕಮಂಡಲದ ನೀರಿನಿಂದ ಕುಂಕುಮ ತೊಳೆದು ಕಲ್ಲನ್ನು ಜೋಳಿಗೆಗೆ ಹಾಕಿಕೊಂಡರು. ಆಮೇಲೆ ಅದೇ ಜಾಗದಲ್ಲಿ ಕೂತು, ತಮ್ಮ ಚಪ್ಪಲಿ ಬಿಚ್ಚಿ ಮೇಲೆತ್ತಿ ಕೂಗಿದರು.

“ಮಾರೆಪ್ಪಾ, ಉಂಗುಟ ಕಿತ್ತಿದೆ. ಇಲ್ಲೇ ಕೂತು ಹೊಲಿದುಕೊಡು.”

ಮಾರೆಪ್ಪ ಅನುಮಾನಿಸಿದ. ಆಮೇಲೆ ಬಂದು ಚೀಲ ಹಾಸಿದ. ಹಸೀನಾಬಿಯೂ ಬಂದಳು. “ಅಜ್ಜಾ, ನಿಮ್ಮ ದೇವರು ಎದ್ದು ಹೋದ್ನಾ?” ಎಂದಳು.

“ಅವನಿಗೆ ನೀರೇ ಹಿತವಂತೆ.”

ಹಸೀನಾಬಿ ನಕ್ಕಳು. ಕಾತ್ಯಾಯಿನಿ ನಗಲಿಲ್ಲ.

“ನಾಳೆ ನಾನು ಸಭೆಗೆ ಏನು ಹೇಳಲಿ ಅಜ್ಜಾ? ಕಲ್ಲೂ ಇಲ್ಲ ಈಗ.”

“ಸಭೆ ಎಲ್ಲಿ?”

“ಪುರಸಭೆಯ ಹಾಲ್‌ನಲ್ಲಿ. ಎಸಿ ಹಾಕ್ಸಿದ್ದಾರೆ.”

“ಅಲ್ಲಿ ನೆರಳು ಯಾರಿಗೆ ಬೇಕು?”

ಅವಳು ಅಜ್ಜನನ್ನು ನೋಡಿದಳು. ಆಮೇಲೆ ನೆತ್ತಿಯ ಮೇಲಿನ ಸೂರ್ಯನನ್ನು ನೋಡಿದಳು. ಫೋನು ತೆಗೆದು ಮುಖ್ಯಾಧಿಕಾರಿಗೆ ಹೇಳಿದಳು: “ನಾಳೆ ಮತಕ್ಕೆ ಹಾಕೋ ಮುಂಚೆ ಸ್ಥಳ ಪರಿಶೀಲನೆ ಇಟ್ಕೊಳ್ಳೋಣ. ಎಲ್ಲ ಸದಸ್ಯರೂ ಬರಲಿ. ಮಧ್ಯಾಹ್ನವೇ. ಹೌದು, ನಡೆದುಕೊಂಡೇ.”

ಮರುದಿನ ಸದಸ್ಯರು ಬಂದರು. ಬೆವರು ಇಳಿಯುತ್ತಿತ್ತು. ಹೊಂಗೆಯ ಕೆಳಗೆ ಹಮಾಲಿ ಮಲಗಿದ್ದ, ಹಸೀನಾಬಿ ಒಬ್ಬ ಹುಡುಗಿಗೆ ಬಳೆ ತೊಡಿಸುತ್ತಿದ್ದಳು, ಮಾರೆಪ್ಪ ಹೊಲಿಯುತ್ತಿದ್ದ. ಪಕ್ಕದಲ್ಲಿ ಅಜ್ಜ.

ರುದ್ರಮುನಿ ನೆರಳಿನ ಅಂಚಿಗೆ ಬಂದು ನಿಂತರು. ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಂಡರು.

“ಏನಮ್ಮಾ ಅಧ್ಯಕ್ಷರೇ, ಈ ಬಿಸಿಲಲ್ಲಿ ನಮ್ಮನ್ನ ಹಪ್ಪಳ ಮಾಡ್ಬೇಕಂತಿದ್ದೀರಾ? ಕೂರೋಕೆ ಕುರ್ಚಿನಾದ್ರೂ ಹಾಕ್ಸಿದ್ದೀರಾ?”

ಕಾತ್ಯಾಯಿನಿ ತಬ್ಬಿಬ್ಬಾಗಿ ಕುರ್ಚಿ ತರಿಸಲು ತಿರುಗಿದಳು. ಅಜ್ಜ ಕೈಸನ್ನೆಯಲ್ಲೇ ಅವಳನ್ನು ತಡೆದರು.

“ಕುರ್ಚಿ ಯಾಕೆ ರುದ್ರಮುನಿ? ಮೊದಲಿಂದ ಕೂತಿರೋರನ್ನ ಕೇಳು. ಒಂಚೂರು ಜರುಗಿ ಜಾಗ ಕೊಡ್ತಾರೆ.”